ಬಿ ಫಾರಂಗೆ ಸಹಿ ಹಾಕುವ ಮೊದಲು: ಸಣ್ಣ ಪಕ್ಷಗಳ ಅಭ್ಯರ್ಥಿ ಆಯ್ಕೆಗೊಂದು ಕೈಪಿಡಿ

ಚುನಾವಣೆ ಹತ್ತಿರ ಬಂದರೆ ಊರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಟಿಕೆಟ್ ಯಾರಿಗೆ?’ ವಿಚಿತ್ರವೆಂದರೆ ಟಿಕೆಟ್ ಎನ್ನುವ ವಸ್ತುವೇ ನಮ್ಮ ಚುನಾವಣಾ ಕಾನೂನಿನಲ್ಲಿ ಇಲ್ಲ. ಪಕ್ಷ ತನ್ನ ಅಭ್ಯರ್ಥಿಯನ್ನು ಸಭೆ ಸೇರಿಸಿ ಆರಿಸಬೇಕೋ, ಸದಸ್ಯರ ಮತ ಕೇಳಬೇಕೋ, ಅಧ್ಯಕ್ಷರೊಬ್ಬರೇ ಹೇಳಿದರೆ ಸಾಕೋ ಎಂಬುದರ ಬಗ್ಗೆ 1951ರ ಜನಪ್ರತಿನಿಧಿ ಕಾಯ್ದೆ ಒಂದು ಸಾಲನ್ನೂ ಬರೆದಿಲ್ಲ. ಕಾನೂನಿನ ಕಣ್ಣಿಗೆ ಬೀಳುವುದು ಎ ಫಾರಂ (ಹೆಸರು ತಿಳಿಸುವ ಅಧಿಕಾರ ಯಾರಿಗೆ ಎಂಬುದು), ಬಿ ಫಾರಂ (ಕ್ಷೇತ್ರದ ಅಭ್ಯರ್ಥಿ ಯಾರು ಎಂಬುದು) ಎಂಬ ಎರಡು ಹಾಳೆ ಮತ್ತು ಅವುಗಳ ಮೇಲಿನ ಶಾಯಿಯ ಸಹಿ. ಅದರ ಹಿಂದೆ ನಡೆಯುವುದೆಲ್ಲ ಪಕ್ಷದ ಬೈಲಾಗೆ ಬಿಟ್ಟದ್ದು.

ದೊಡ್ಡ ಪಕ್ಷಗಳಿಗೆ ಇದರಿಂದ ತೊಂದರೆಯಿಲ್ಲ. ಅವರಿಗೆ ವಕೀಲರಿದ್ದಾರೆ, ಕಚೇರಿಯಿದೆ, ಹತ್ತಾರು ಚುನಾವಣೆ ಮಾಡಿದ ಗುಮಾಸ್ತರಿದ್ದಾರೆ. ಸಣ್ಣ ಪಕ್ಷ ಮುಗ್ಗರಿಸುವುದು ಇಲ್ಲೇ. ಎಷ್ಟೋ ಸಲ ಸರಿಯಾದ ವ್ಯಕ್ತಿಯನ್ನೇ ಆರಿಸಿರುತ್ತಾರೆ, ಹಾಳೆ ತಪ್ಪಿರುತ್ತದೆ. ಕೆಲವು ಸಲ ಹಾಳೆಗಳೆಲ್ಲ ಸರಿಯಿದ್ದು, ಸಹಿ ಹಾಕುವ ಹಕ್ಕು ಯಾರದು ಎಂಬುದೇ ಜಗಳವಾಗಿರುತ್ತದೆ. ಕರ್ನಾಟಕ ವಿಧಾನಸಭೆಯ ಚುನಾವಣೆಯನ್ನು ಮುಂದಿಟ್ಟುಕೊಂಡು ಈ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ನಿಮ್ಮದು ಯಾವ ಬಗೆಯ ಪಕ್ಷ?

ಚುನಾವಣಾ ಆಯೋಗದ ಲೆಕ್ಕದಲ್ಲಿ ಪಕ್ಷಗಳು ಎರಡು ಬಗೆ: ಮಾನ್ಯತೆ ಪಡೆದವು, ನೋಂದಣಿ ಮಾತ್ರ ಆಗಿರುವವು. ಕರ್ನಾಟಕದಲ್ಲಿ ರಾಷ್ಟ್ರೀಯ ಪಕ್ಷಗಳ ಜೊತೆಗೆ ಜೆಡಿಎಸ್‌ಗೆ ರಾಜ್ಯ ಪಕ್ಷದ ಮಾನ್ಯತೆಯಿದೆ. ಉಳಿದವುಗಳಲ್ಲಿ ಹೆಚ್ಚಿನವು ‘ನೋಂದಾಯಿತ, ಮಾನ್ಯತೆ ಇಲ್ಲದ’ ಗುಂಪಿಗೆ ಸೇರುತ್ತವೆ. ಶಾಸಕರು ಇದ್ದ ಮಾತ್ರಕ್ಕೆ ಮಾನ್ಯತೆ ಬರುವುದಿಲ್ಲ. 2023ರಲ್ಲಿ ಮೇಲುಕೋಟೆ ಗೆದ್ದ ಸರ್ವೋದಯ ಕರ್ನಾಟಕ ಪಕ್ಷ, ಗಂಗಾವತಿ ಗೆದ್ದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಎರಡೂ ನೋಂದಣಿ ಮಾತ್ರ ಇದ್ದ ಪಕ್ಷಗಳಾಗಿಯೇ ಕಣಕ್ಕಿಳಿದಿದ್ದವು.

ಈ ವ್ಯತ್ಯಾಸ ಹೆಸರಿಗಷ್ಟೇ ಅಲ್ಲ. ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ (ನಾಮಪತ್ರದಲ್ಲಿ ಹೆಸರು ಸೂಚಿಸಿ ಸಹಿ ಹಾಕುವ ಮತದಾರ) ಸಾಕು, ನಿಮ್ಮ ಅಭ್ಯರ್ಥಿಗೆ ಹತ್ತು ಮಂದಿ ಬೇಕು. ಅವರ ಚಿಹ್ನೆ ಕಾಯಂ, ನೀವು ಪ್ರತಿ ಸಲ ಕೇಳಿ ಪಡೆಯಬೇಕು. ತಾರಾ ಪ್ರಚಾರಕರು ಅವರಿಗೆ 40, ನಿಮಗೆ 20. ಮತಯಂತ್ರದ ಮೇಲೂ ಮೊದಲು ಮಾನ್ಯತೆ ಪಡೆದ ಪಕ್ಷಗಳ ಹೆಸರು, ನಂತರ ನಿಮ್ಮಂಥವರದು, ಕೊನೆಗೆ ಪಕ್ಷೇತರರದು. ಪ್ರತಿ ಗುಂಪಿನೊಳಗೆ ಅಕ್ಷರಕ್ರಮ.

ಎಲ್ಲಕ್ಕಿಂತ ಮೊದಲು, ನಿಮ್ಮ ಪಕ್ಷ ಇನ್ನೂ ಆಯೋಗದ ಪಟ್ಟಿಯಲ್ಲಿ ಉಳಿದಿದೆಯೇ ನೋಡಿ. ಇದು ತಮಾಷೆಯ ಮಾತಲ್ಲ. ಸತತ ಆರು ವರ್ಷ ಯಾವ ಚುನಾವಣೆಗೂ ನಿಲ್ಲದ ಪಕ್ಷಗಳನ್ನು ಹುಡುಕಿ, 2025ರ ಆಗಸ್ಟ್‌ನಲ್ಲಿ 334 ಮತ್ತು ಸೆಪ್ಟೆಂಬರ್‌ನಲ್ಲಿ 474 ಪಕ್ಷಗಳನ್ನು ಆಯೋಗ ಪಟ್ಟಿಯಿಂದ ಕೈಬಿಟ್ಟಿತು. ಪಟ್ಟಿಯಲ್ಲಿ ಇಲ್ಲದ ಪಕ್ಷದ ಬಿ ಫಾರಂ ಬರೀ ಕಾಗದ. ಅದನ್ನು ಹಿಡಿದುಕೊಂಡು ಹೋದ ಅಭ್ಯರ್ಥಿ ಪಕ್ಷೇತರನಾಗಿಯೇ ನಿಲ್ಲಬೇಕಾಗುತ್ತದೆ. ಪಕ್ಷದ ವಿಳಾಸ, ಪದಾಧಿಕಾರಿಗಳ ಹೆಸರು ಬದಲಾಗಿದ್ದರೆ ಆಯೋಗಕ್ಕೆ ಬರೆದು ತಿಳಿಸಿದ್ದೀರಾ ಎಂಬುದನ್ನೂ ಇದೇ ಹೊತ್ತಿಗೆ ಖಚಿತ ಮಾಡಿಕೊಳ್ಳಿ.

ಆರಿಸುವವರು ಯಾರು, ಸಹಿ ಹಾಕುವವರು ಯಾರು

ಈ ಎರಡು ಪ್ರಶ್ನೆಗೆ ಬೈಲಾದಲ್ಲಿ ಉತ್ತರ ಇರಬೇಕು, ಅದೂ ಬೇರೆ ಬೇರೆಯಾಗಿ. ಬಹಳಷ್ಟು ಸಣ್ಣ ಪಕ್ಷಗಳ ಬೈಲಾ ನೋಂದಣಿಗೆಂದು ತರಾತುರಿಯಲ್ಲಿ ಬರೆಸಿದ್ದು. ‘ಅಭ್ಯರ್ಥಿಗಳ ಆಯ್ಕೆಯನ್ನು ಕಾರ್ಯಕಾರಿ ಸಮಿತಿ ಮಾಡತಕ್ಕದ್ದು’ ಎಂಬ ಒಂದೇ ಸಾಲು ಇರುತ್ತದೆ. ಕೋರಂ ಎಷ್ಟು, ಸಮಬಲ ಬಂದರೆ ಏನು, ಸಮಿತಿಯ ಸದಸ್ಯರೇ ಆಕಾಂಕ್ಷಿಯಾದರೆ ಹೊರಗೆ ಕೂರಬೇಕೆ, ಯಾವುದೂ ಇರುವುದಿಲ್ಲ.

ಸಹಿಯ ಹಕ್ಕು ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ನಟ ಉಪೇಂದ್ರ 2017ರಲ್ಲಿ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದ ಮುಖವಾಗಿ ರಾಜಕೀಯಕ್ಕೆ ಬಂದರು. ಪಕ್ಷದ ನೋಂದಣಿ ಮೊದಲೇ ಬೇರೆಯವರ ಹೆಸರಿನಲ್ಲಿ ಆಗಿತ್ತು. ಅಭ್ಯರ್ಥಿ ಆಯ್ಕೆ ಯಾರ ಕೈಯಲ್ಲಿರಬೇಕು ಎಂಬ ಭಿನ್ನಮತ ಬೆಳೆದು, 2018ರ ಮಾರ್ಚ್‌ನಲ್ಲಿ, ಅಂದರೆ ಮತದಾನಕ್ಕೆ ಎರಡು ತಿಂಗಳಿರುವಾಗ, ಅವರು ಪಕ್ಷದಿಂದ ಹೊರಬಂದು ಉತ್ತಮ ಪ್ರಜಾಕೀಯ ಪಕ್ಷ ಕಟ್ಟಲು ಹೊರಟರು. ಆ ಮೇ ತಿಂಗಳಲ್ಲಿ ಅವರು ಬಿಟ್ಟುಬಂದ ಪಕ್ಷ ರಾಣೆಬೆನ್ನೂರಿನಲ್ಲಿ ಒಂದು ಸ್ಥಾನ ಗೆದ್ದಿತು. ಮರುವರ್ಷ ಗೆದ್ದ ಆ ಒಬ್ಬರೇ ಶಾಸಕ ಪಕ್ಷವನ್ನು ಕಾಂಗ್ರೆಸ್‌ನಲ್ಲಿ ವಿಲೀನ ಮಾಡಿದ್ದಾಗಿ ಹೇಳಿ ಮಂತ್ರಿಯಾದರು. ಜನ ನೋಡುವುದು ಮುಖವನ್ನು, ಕಾನೂನು ನೋಡುವುದು ಪದಾಧಿಕಾರಿಯ ಸಹಿಯನ್ನು ಎಂಬುದು ಇಲ್ಲಿ ಎರಡೆರಡು ಸಲ ಕಾಣುತ್ತದೆ.

ಆದ್ದರಿಂದ ಚುನಾವಣೆಗೆ ಒಂದು ವರ್ಷ ಮೊದಲೇ ಮೂರು ನಿರ್ಣಯ ಬರೆದಿಡಿ. ಒಂದು, ಆಯ್ಕೆ ಸಮಿತಿಯಲ್ಲಿ ಯಾರು. ಐದು ಅಥವಾ ಏಳು ಮಂದಿ ಸಾಕು, ಬೆಸಸಂಖ್ಯೆ ಇರಲಿ. ಎರಡು, ಎ ಮತ್ತು ಬಿ ಫಾರಂಗೆ ಸಹಿ ಹಾಕುವವರು ಯಾರು. ಮೂರು, ಸಮಿತಿಯ ತೀರ್ಮಾನವನ್ನು ಬದಲಿಸುವ ಅಧಿಕಾರ ಯಾರಿಗಾದರೂ ಇದೆಯೇ, ಇದ್ದರೆ ಯಾವ ದಿನಾಂಕದವರೆಗೆ. ಮೂರನೆಯದನ್ನು ಬರೆಯಲು ಎಲ್ಲರಿಗೂ ಮುಜುಗರ. ಅದನ್ನು ಬರೆಯದೆ ಬಿಟ್ಟಲ್ಲೇ ಕೊನೆಯ ರಾತ್ರಿ ಫೋನು ಬರುವುದು.

ದಿನ ಎಣಿಸುವ ಕ್ರಮ

ನಾಮಪತ್ರಕ್ಕೆ ಒಂದು ವಾರ ಸಿಗುತ್ತದೆ ಎಂದು ನಂಬಿ ಕೂರಬೇಡಿ. 2023ರ ಲೆಕ್ಕ ನೋಡಿ. ಆಯೋಗ ವೇಳಾಪಟ್ಟಿ ಘೋಷಿಸಿದ್ದು ಮಾರ್ಚ್ 29ಕ್ಕೆ. ಅಧಿಸೂಚನೆ ಏಪ್ರಿಲ್ 13. ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 20, ಪರಿಶೀಲನೆ 21, ಹಿಂತೆಗೆತಕ್ಕೆ 24, ಮತದಾನ ಮೇ 10. ಸಾರ್ವತ್ರಿಕ ರಜಾ ದಿನ ನಾಮಪತ್ರ ತೆಗೆದುಕೊಳ್ಳುವುದಿಲ್ಲ. 14 ಅಂಬೇಡ್ಕರ್ ಜಯಂತಿ, 16 ಭಾನುವಾರ. ಉಳಿದದ್ದು ಆರು ದಿನ, ದಿನಕ್ಕೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ನಾಲ್ಕು ಗಂಟೆ. ಒಟ್ಟು 24 ಗಂಟೆ! ಅದರಲ್ಲಿ ಕೊನೆಯ ದಿನ ಮೆರವಣಿಗೆ, ನೂಕುನುಗ್ಗಲು ಎಂದು ಅರ್ಧ ಹೋಗುತ್ತದೆ.

ಹಾಗಾಗಿ ಆಯ್ಕೆಯೆಂಬುದು ವೇಳಾಪಟ್ಟಿ ಘೋಷಣೆಯಾಗುವ ಹೊತ್ತಿಗೆ ಮುಗಿದಿರಬೇಕು. ಆಮೇಲಿನ ಹದಿನೈದು ದಿನ ಕಾಗದಪತ್ರಕ್ಕೆ. ಈಗಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳಲ್ಲಿ ಮುಗಿಯುವುದರಿಂದ, ಅರ್ಜಿ ಕರೆಯುವುದು 2027ರ ಆಗಸ್ಟ್–ಸೆಪ್ಟೆಂಬರ್, ಮೊದಲ ಪಟ್ಟಿ ನವೆಂಬರ್, ಕೊನೆಯ ಪಟ್ಟಿ ಫೆಬ್ರವರಿ ಎಂದು ಇಟ್ಟುಕೊಂಡರೆ ಉಸಿರಾಡಲು ಜಾಗವಿರುತ್ತದೆ.

ಆಕಾಂಕ್ಷಿಗಳ ಜರಡಿ

ಮೊದಲ ಜರಡಿ ಕಾನೂನಿನದು, ಇದರಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ವಯಸ್ಸು 25 ತುಂಬಿರಬೇಕು. ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿರಬೇಕು. ನಿಲ್ಲುವ ಕ್ಷೇತ್ರದವರೇ ಆಗಬೇಕಿಲ್ಲ. ಕರ್ನಾಟಕದ 224ರಲ್ಲಿ 36 ಕ್ಷೇತ್ರ ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿ ಜಾತಿ ಪ್ರಮಾಣಪತ್ರ ಕೈಯಲ್ಲಿರಬೇಕು, ‘ಅರ್ಜಿ ಹಾಕಿದ್ದೇನೆ’ ಎಂಬ ಮಾತು ನಡೆಯದು. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾಗಿದ್ದರೆ, ಬಿಡುಗಡೆಯಾದ ಮೇಲೂ ಆರು ವರ್ಷ ಅನರ್ಹತೆ. ಕೆಲವು ಅಪರಾಧಗಳಲ್ಲಿ ಅದಕ್ಕಿಂತ ಕಡಿಮೆ ಶಿಕ್ಷೆಗೂ ಅನರ್ಹತೆಯುಂಟು. ಸರ್ಕಾರಿ ಕಾಮಗಾರಿಯ ಗುತ್ತಿಗೆ ಚಾಲ್ತಿಯಲ್ಲಿದ್ದರೆ ತೊಡಕು. ಸಣ್ಣ ಪಕ್ಷಕ್ಕೆ ಬರುವ ತಾಲ್ಲೂಕು ಮಟ್ಟದ ಮುಖಂಡರಲ್ಲಿ ಸಣ್ಣಪುಟ್ಟ ಗುತ್ತಿಗೆದಾರರು ಬಹಳ, ಹಾಗಾಗಿ ಈ ಪ್ರಶ್ನೆಯನ್ನು ಅರ್ಜಿಯಲ್ಲೇ ಕೇಳಿ.

ಇನ್ನೊಂದು ಪ್ರಶ್ನೆ ಹಿಂದಿನ ಚುನಾವಣೆಯದು. ಹಿಂದೆ ಯಾವುದಾದರೂ ಚುನಾವಣೆಗೆ ನಿಂತು ಖರ್ಚಿನ ಲೆಕ್ಕ ಕೊಡದೆ ಬಿಟ್ಟಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಿರಬಹುದು. ಎಷ್ಟೋ ಮಂದಿಗೆ ತಾವು ಆ ಪಟ್ಟಿಯಲ್ಲಿರುವುದೇ ಗೊತ್ತಿರುವುದಿಲ್ಲ. ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಲು ಐದು ನಿಮಿಷ ಸಾಕು.

ಎರಡನೇ ಜರಡಿ ಸದಸ್ಯತ್ವ. ಚುನಾವಣಾ ಆಯೋಗದ 1968ರ ಚಿಹ್ನೆಗಳ ಆದೇಶದ 13ನೇ ಪ್ಯಾರಾ ಪ್ರಕಾರ ಪಕ್ಷದ ಅಭ್ಯರ್ಥಿ ಎನಿಸಿಕೊಳ್ಳಲು ಆ ವ್ಯಕ್ತಿ ಪಕ್ಷದ ಸದಸ್ಯನಾಗಿರಬೇಕು, ಹೆಸರು ಸದಸ್ಯರ ಪಟ್ಟಿಯಲ್ಲಿರಬೇಕು. ಬಿ ಫಾರಂ ಕೊಡುವಾಗ ಪದಾಧಿಕಾರಿ ಅದನ್ನೇ ದೃಢೀಕರಿಸಿ ಸಹಿ ಹಾಕುತ್ತಾರೆ. ಬೆಳಿಗ್ಗೆ ಬೇರೆ ಪಕ್ಷಕ್ಕೆ ರಾಜೀನಾಮೆ ಕೊಟ್ಟು ಮಧ್ಯಾಹ್ನ ನಿಮ್ಮ ಬಾಗಿಲಿಗೆ ಬರುವ ಬಂಡಾಯಗಾರರ ವಿಷಯದಲ್ಲಿ ಕನಿಷ್ಠ ಇಷ್ಟಾದರೂ ಮಾಡಿ: ರಾಜೀನಾಮೆಯ ಪ್ರತಿ ಇಟ್ಟುಕೊಂಡು, ಸದಸ್ಯತ್ವದ ರಸೀದಿ ಬರೆದು, ರಿಜಿಸ್ಟರ್‌ನಲ್ಲಿ ದಿನಾಂಕದೊಂದಿಗೆ ನಮೂದಿಸಿ.

ಬಂಡಾಯಗಾರರಿಗೆ ಟಿಕೆಟ್ ಕೊಡಬೇಕೇ ಬೇಡವೇ? ಕಾನೂನಿನಲ್ಲಿ ಅಡ್ಡಿಯಿಲ್ಲ. ಓಟಿನ ಲೆಕ್ಕದಲ್ಲಿ ಲಾಭವೂ ಇದೆ: ದುಡ್ಡು, ಜನ, ಜಾತಿ ಬಲ ಎಲ್ಲ ಜೊತೆಯಲ್ಲೇ ಬರುತ್ತದೆ. ಆದರೆ ಒಂದು ವರ್ಷದಿಂದ ಆ ಕ್ಷೇತ್ರದಲ್ಲಿ ಓಡಾಡಿದ ನಿಮ್ಮ ಕಾರ್ಯಕರ್ತ ಅವತ್ತೇ ಮನೆ ಸೇರುತ್ತಾನೆ, ಬಂದವರು ಫಲಿತಾಂಶದ ಮರುದಿನ ಹಳೇ ಮನೆಗೆ ಹೋಗುತ್ತಾರೆ. ನನ್ನನ್ನು ಕೇಳಿದರೆ, ಮೊದಲೇ ಒಂದು ಗಡುವು ಗೊತ್ತು ಮಾಡಿ: ಅಧಿಸೂಚನೆಗೆ 60 ದಿನ ಮೊದಲು ಸದಸ್ಯರಾಗದವರಿಗೆ ಬಿ ಫಾರಂ ಇಲ್ಲ. ಗಡುವನ್ನು ಮುರಿಯುವುದಾದರೆ ಸಮಿತಿಯ ಮುಕ್ಕಾಲು ಪಾಲು ಒಪ್ಪಬೇಕು ಎಂದಿರಲಿ.

ಮೂರನೆಯದು ಕ್ಷೇತ್ರದ ಮಾತು. ರಾಜಧಾನಿಯಲ್ಲಿ ಕೂತು ಸಂದರ್ಶನ ಮಾಡುವುದಕ್ಕಿಂತ, ಕ್ಷೇತ್ರದಲ್ಲೇ ಸದಸ್ಯರ ಸಭೆ ಕರೆದು ಗುಪ್ತ ಮತ ತೆಗೆದುಕೊಳ್ಳುವುದು ಒಳ್ಳೆಯದು. ಮತಕ್ಕೆ ಅರ್ಹರು ಯಾರು ಎಂಬುದನ್ನು ಮೂರು ತಿಂಗಳ ಹಿಂದಿನ ಸದಸ್ಯರ ಪಟ್ಟಿಗೆ ಕಟ್ಟಿಹಾಕಿ. ಇಲ್ಲದಿದ್ದರೆ ಸಭೆಯ ಹಿಂದಿನ ದಿನ ಒಬ್ಬ ಆಕಾಂಕ್ಷಿ ಎರಡು ಬಸ್ಸಿನಷ್ಟು ಹೊಸ ಸದಸ್ಯರನ್ನು ತಂದು ಇಳಿಸುತ್ತಾರೆ. ಸಭೆಯ ನಡಾವಳಿ, ಹಾಜರಿ ಸಹಿ, ಬಂದ ಮತ ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ. ಟಿಕೆಟ್ ತಪ್ಪಿದವರು ಸಿವಿಲ್ ಕೋರ್ಟ್‌ಗೆ ಹೋದರೆ ನಿಮ್ಮನ್ನು ಕಾಯುವುದು ಆ ಪುಸ್ತಕ ಒಂದೇ.

ಅರ್ಜಿ ಶುಲ್ಕ ಇಟ್ಟರೆ ತಪ್ಪಲ್ಲ, ಆದರೆ ರಸೀದಿ ಕೊಟ್ಟು ಬ್ಯಾಂಕಿಗೆ ಹಾಕಿ. ಸಣ್ಣ ಪಕ್ಷದ ಮೇಲೆ ಬರುವ ಮೊದಲ ಆರೋಪವೇ ‘ಬಿ ಫಾರಂ ಮಾರಿಕೊಂಡರು’ ಎಂಬುದು.

ಕೇಸು ಇರುವವರನ್ನು ಆರಿಸಿದರೆ

ಕ್ರಿಮಿನಲ್ ಪ್ರಕರಣ ಬಾಕಿ ಇದ್ದ ಮಾತ್ರಕ್ಕೆ ಅನರ್ಹತೆ ಇಲ್ಲ. ಆದರೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪಕ್ಷಗಳ ಮೇಲೆ ಹೊರೆ ಹೊರಿಸಿದೆ: ಅಂಥವರನ್ನು ಏಕೆ ಆರಿಸಿದಿರಿ, ಕೇಸಿಲ್ಲದ ಬೇರೆಯವರನ್ನು ಏಕೆ ಆರಿಸಲಿಲ್ಲ ಎಂದು ಬರೆದು ಪ್ರಕಟಿಸಬೇಕು. ‘ಗೆಲ್ಲುವ ಸಾಮರ್ಥ್ಯ’ ಒಂದನ್ನೇ ಕಾರಣವಾಗಿ ಕೊಡುವಂತಿಲ್ಲ. ಅಭ್ಯರ್ಥಿಯನ್ನು ಆರಿಸಿದ 48 ಗಂಟೆಯೊಳಗೆ ಸಿ-7 ನಮೂನೆಯಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆ, ಒಂದು ರಾಷ್ಟ್ರೀಯ ಪತ್ರಿಕೆ, ಪಕ್ಷದ ಜಾಲತಾಣ ಮತ್ತು ಸಾಮಾಜಿಕ ಜಾಲತಾಣಗಳಲ್ಲಿ ಹಾಕಬೇಕು. 72 ಗಂಟೆಯೊಳಗೆ ಸಿ-8 ನಮೂನೆಯಲ್ಲಿ ಆಯೋಗಕ್ಕೆ ವರದಿ. ನಂತರ ಹಿಂತೆಗೆತದ ದಿನದಿಂದ ಪ್ರಚಾರ ಮುಗಿಯುವುದರೊಳಗೆ ಅಭ್ಯರ್ಥಿಯೂ ಪಕ್ಷವೂ ಮೂರು ಸಲ ಪತ್ರಿಕೆ ಮತ್ತು ಟಿವಿಯಲ್ಲಿ ಪ್ರಕಟಿಸಬೇಕು: ಮೊದಲ ನಾಲ್ಕು ದಿನದಲ್ಲಿ ಒಮ್ಮೆ, ಐದರಿಂದ ಎಂಟನೇ ದಿನದೊಳಗೆ ಇನ್ನೊಮ್ಮೆ, ಒಂಬತ್ತನೇ ದಿನದ ನಂತರ ಮತ್ತೊಮ್ಮೆ.

‘ನಮ್ಮದು ಸಣ್ಣ ಪಕ್ಷ, ಯಾರು ಕೇಳುತ್ತಾರೆ’ ಎನ್ನಬೇಡಿ. ಬಿಹಾರದ 2020ರ ಚುನಾವಣೆಯಲ್ಲಿ ಇದನ್ನು ಸರಿಯಾಗಿ ಪಾಲಿಸದ ಪಕ್ಷಗಳಿಗೆ ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ದಂಡ ಹಾಕಿತು. ಮೂರು ಸುತ್ತಿನ ಜಾಹೀರಾತಿನ ವೆಚ್ಚವನ್ನು ಆಯ್ಕೆಯ ದಿನವೇ ಲೆಕ್ಕ ಹಾಕಿ. ರೈತ ಹೋರಾಟ, ರಸ್ತೆ ತಡೆಯಲ್ಲಿ ಬಿದ್ದ ಎಫ್‌ಐಆರ್ ಕೂಡ ಬಾಕಿ ಪ್ರಕರಣವೇ. ಚಳವಳಿಯಿಂದ ಬಂದ ಪಕ್ಷಗಳ ಒಬ್ಬೊಬ್ಬ ಅಭ್ಯರ್ಥಿಗೂ ಇಂಥವು ಹತ್ತಾರು ಇರುತ್ತವೆ, ಪ್ರತಿಯೊಂದರ ಸಂಖ್ಯೆ, ಠಾಣೆ, ಕಲಂ ಬರೆಯಬೇಕು. ಆ ಪಟ್ಟಿ ತಯಾರಿಸಲು ವಕೀಲರಿಗೆ ಎರಡು ವಾರ ಬೇಕಾದೀತು.

ಚಿಹ್ನೆ

1968ರ ಚಿಹ್ನೆಗಳ ಆದೇಶದ 10ಬಿ ಪ್ಯಾರಾ ನಿಮ್ಮಂಥ ಪಕ್ಷಕ್ಕೆ ಇರುವ ದೊಡ್ಡ ಅನುಕೂಲ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಚಿಹ್ನೆ (ಸಾಮಾನ್ಯ ಚಿಹ್ನೆ) ಕೊಡಿ ಎಂದು ಆಯೋಗವನ್ನು ಕೇಳಬಹುದು. ವಿಧಾನಸಭೆಯಾದರೆ ಕನಿಷ್ಠ ಶೇ 5ರಷ್ಟು ಕ್ಷೇತ್ರದಲ್ಲಿ ಸ್ಪರ್ಧಿಸಬೇಕು, ಕರ್ನಾಟಕದಲ್ಲಿ ಅಂದರೆ 12 ಕಡೆ. ಸದನದ ಅವಧಿ ಮುಗಿಯುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಮುಂದಿನ ಚುನಾವಣೆಗೆ 2027ರ ನವೆಂಬರ್‌ನಲ್ಲಿ ಆ ಬಾಗಿಲು ತೆರೆಯುತ್ತದೆ. 2024ರ ಜನವರಿಯ ತಿದ್ದುಪಡಿಯ ನಂತರ ಅರ್ಜಿಯ ಜೊತೆ ಮೂರು ವರ್ಷದ ಲೆಕ್ಕಪರಿಶೋಧಿತ ಲೆಕ್ಕಪತ್ರ, ಹಿಂದಿನ ಎರಡು ಚುನಾವಣೆಯ ಖರ್ಚಿನ ವಿವರ ಲಗತ್ತಿಸಬೇಕು. ಆಡಿಟ್ ಮಾಡಿಸದ ಪಕ್ಷ ಇಲ್ಲೇ ಹೊರಬೀಳುತ್ತದೆ.

ಹಂಚಿಕೆಯ ನಿಯಮ ‘ಮೊದಲು ಬಂದವರಿಗೆ ಮೊದಲು’. 2024ರ ಲೋಕಸಭೆಗೆ ತಮಿಳುನಾಡಿನ ನಾಮ್ ತಮಿಳರ್ ಕಚ್ಚಿ ಇದನ್ನು ಕಹಿಯಾಗಿ ಕಲಿಯಿತು. ವರ್ಷಗಟ್ಟಲೆ ಬಳಸಿದ ‘ಕಬ್ಬು ಹೊತ್ತ ರೈತ’ ಚಿಹ್ನೆಗೆ ಅವರು ಅರ್ಜಿ ಹಾಕುವ ಮೊದಲೇ, ಕರ್ನಾಟಕ ಮೂಲದ ಭಾರತೀಯ ಪ್ರಜಾ ಐಕ್ಯತಾ ಪಾರ್ಟಿ ಕೇಳಿ ಪಡೆದಾಗಿತ್ತು. ಕೋರ್ಟ್‌ಗೆ ಹೋದರೂ ಉಪಯೋಗವಾಗಲಿಲ್ಲ. ಮೈಕ್ ಚಿಹ್ನೆಯಲ್ಲಿ ನಿಂತರು. ‘ಹೋದ ಸಲ ನಮ್ಮದೇ ಇತ್ತು’ ಎಂಬುದು ವಾದವಲ್ಲ.

12 ಕ್ಷೇತ್ರವೂ ಇಲ್ಲದ ಪಕ್ಷ ಯಾವ ಪಕ್ಷಕ್ಕೂ ಮೀಸಲಾಗದ ಮುಕ್ತ ಚಿಹ್ನೆಗಳ ಪಟ್ಟಿಯಿಂದ ಪ್ರತಿ ಕ್ಷೇತ್ರದಲ್ಲೂ ಬೇರೆಯಾಗಿ ಕೇಳಬೇಕು. ನಾಮಪತ್ರದಲ್ಲಿ ಮೂರು ಚಿಹ್ನೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯಬೇಕು. ಅದೇ ಚಿಹ್ನೆಯನ್ನು ಪಕ್ಷೇತರನೊಬ್ಬ ಕೇಳಿದ್ದರೆ ನೋಂದಾಯಿತ ಪಕ್ಷದ ಅಭ್ಯರ್ಥಿಗೆ ಆದ್ಯತೆ. ಇನ್ನೊಂದು ನೋಂದಾಯಿತ ಪಕ್ಷವೂ ಕೇಳಿದ್ದರೆ ಚೀಟಿ ಎತ್ತುತ್ತಾರೆ. ಈ ಆದ್ಯತೆ ಸಿಗುವುದು ಬಿ ಫಾರಂ ಸರಿಯಾಗಿ ತಲುಪಿದ್ದರೆ ಮಾತ್ರ.

ಹತ್ತು ಸೂಚಕರು

ನಾಮಪತ್ರ 2ಬಿ ನಮೂನೆಯಲ್ಲಿ ಇರುತ್ತದೆ. ತೆರೆದ ಕೂಡಲೇ ಕಾಣುವುದು ಭಾಗ 1, ಒಬ್ಬ ಸೂಚಕನ ಜಾಗ. ಅದು ಮಾನ್ಯತೆ ಪಡೆದ ಪಕ್ಷದವರಿಗೆ. ಅದನ್ನು ಹೊಡೆದುಹಾಕಿ ಭಾಗ 2ಕ್ಕೆ ಹೋಗಬೇಕು. ಅಲ್ಲಿ ಹತ್ತು ಸಾಲಿನ ಕೋಷ್ಟಕವಿದೆ. ಪ್ರತಿ ಸಾಲಿನಲ್ಲಿ ಸೂಚಕರ ಮತದಾರರ ಪಟ್ಟಿಯ ಭಾಗ ಸಂಖ್ಯೆ, ಆ ಭಾಗದೊಳಗಿನ ಕ್ರಮ ಸಂಖ್ಯೆ, ಪೂರ್ಣ ಹೆಸರು, ಸಹಿ, ದಿನಾಂಕ. ‘ನಮ್ಮದೂ ಪಕ್ಷವೇ, ಸಾಮಾನ್ಯ ಚಿಹ್ನೆಯೂ ಸಿಕ್ಕಿದೆ’ ಎಂದು ಭಾಗ 1 ತುಂಬಿ ಒಬ್ಬರ ಸಹಿ ಹಾಕಿಸಿದರೆ ನಾಮಪತ್ರ ಬಿದ್ದಂತೆಯೇ. ಸಾಮಾನ್ಯ ಚಿಹ್ನೆಯಿಂದ ಮಾನ್ಯತೆ ಬರುವುದಿಲ್ಲ.

ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು. ಬೆಂಗಳೂರಿನಂಥ ಕಡೆ ಒಂದೇ ಬಡಾವಣೆಯ ಒಂದು ರಸ್ತೆ ಒಂದು ಕ್ಷೇತ್ರಕ್ಕೆ, ಎದುರಿನ ರಸ್ತೆ ಇನ್ನೊಂದಕ್ಕೆ ಸೇರಿರುವುದುಂಟು. ಮತದಾರರ ಗುರುತಿನ ಚೀಟಿ ನೋಡಿ ಬರೆಯಬೇಡಿ. ಅದು ಹಳೆಯದಿರಬಹುದು, ಪರಿಷ್ಕರಣೆಯಲ್ಲಿ ಭಾಗ ಸಂಖ್ಯೆ ಬದಲಾಗಿರಬಹುದು. ಈಗಿನ ಅಂತಿಮ ಪಟ್ಟಿ ಇಟ್ಟುಕೊಂಡು ಬೆರಳಿಟ್ಟು ನೋಡಿ ಬರೆಯಿರಿ. ಹೆಬ್ಬೆಟ್ಟು ಒತ್ತುವವರಾದರೆ ಚುನಾವಣಾಧಿಕಾರಿ ಅಥವಾ ಅಧಿಕಾರ ಪಡೆದ ಅಧಿಕಾರಿಯ ಎದುರೇ ಒತ್ತಬೇಕು. ಮನೆಯಲ್ಲಿ ಒತ್ತಿಸಿ ತಂದದ್ದು ನಡೆಯದು.

ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರದವರೆಗೆ ಕೊಡಬಹುದು, ಠೇವಣಿ ಒಂದೇ ಸಾಕು. ಎರಡಾದರೂ ಕೊಡಿ, ಎರಡಕ್ಕೂ ಬೇರೆ ಬೇರೆ ಹತ್ತು ಸೂಚಕರಿರಲಿ. ಅದೇ ಹತ್ತು ಮಂದಿಯನ್ನು ಎರಡರಲ್ಲೂ ಹಾಕಿದರೆ ಒಂದೇ ತಪ್ಪು ಎರಡನ್ನೂ ಕೆಡಿಸುತ್ತದೆ. ಸೂಚಕರು ನಂಬಿಕಸ್ತರಾಗಿರಬೇಕು ಎಂಬುದೂ ಅಷ್ಟೇ ಮುಖ್ಯ. 2024ರ ಲೋಕಸಭಾ ಚುನಾವಣೆಯಲ್ಲಿ ಸೂರತ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ಸೂಚಕರು ‘ಈ ಸಹಿ ನಮ್ಮದಲ್ಲ’ ಎಂದರು. ನಾಮಪತ್ರ ತಿರಸ್ಕೃತವಾಯಿತು, ಉಳಿದವರು ಹಿಂದೆ ಸರಿದರು, ಬಿಜೆಪಿ ಅಭ್ಯರ್ಥಿ ಅವಿರೋಧವಾಗಿ ಗೆದ್ದರು. ದೊಡ್ಡ ಪಕ್ಷಕ್ಕೇ ಹೀಗಾದರೆ, ಹತ್ತು ಸಹಿ ನೆಚ್ಚಿಕೊಂಡ ನಿಮ್ಮದು ಹತ್ತು ಪಟ್ಟು ಅಪಾಯ. ಸಹಿ ಹಾಕುವಾಗ ಎಲ್ಲರನ್ನೂ ಒಂದೆಡೆ ಕೂರಿಸಿ, ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ಎ ಮತ್ತು ಬಿ

ಎ ಫಾರಂ ಹೇಳುವುದು: ನಮ್ಮ ಪಕ್ಷದ ಪರವಾಗಿ ಅಭ್ಯರ್ಥಿಗಳ ಹೆಸರು ತಿಳಿಸುವ ಅಧಿಕಾರ ಇಂಥವರಿಗಿದೆ, ಅವರ ಮಾದರಿ ಸಹಿ ಹೀಗಿದೆ. ಇದು ರಾಜ್ಯದ ಮುಖ್ಯ ಚುನಾವಣಾಧಿಕಾರಿಗೂ, ಆಯಾ ಕ್ಷೇತ್ರದ ಚುನಾವಣಾಧಿಕಾರಿಗೂ ಹೋಗಬೇಕು. ಬಿ ಫಾರಂ ಹೇಳುವುದು: ಈ ಕ್ಷೇತ್ರಕ್ಕೆ ನಮ್ಮ ಅಭ್ಯರ್ಥಿ ಇವರು, ಇವರ ನಾಮಪತ್ರ ತಿರಸ್ಕೃತವಾದರೆ ಅಥವಾ ಇವರು ಹಿಂದೆ ಸರಿದರೆ ಬದಲಿ ಇವರು. ಎರಡೂ ತಲುಪಲು ಗಡುವು ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆ. 3 ಗಂಟೆ 5 ನಿಮಿಷಕ್ಕೆ ಬಂದರೆ ಬಂದಿಲ್ಲವೆಂದೇ ಲೆಕ್ಕ.

ಸಹಿ ಶಾಯಿಯಲ್ಲೇ ಇರಬೇಕು. ರಬ್ಬರ್ ಮೊಹರಿನ ಸಹಿ, ಸ್ಕ್ಯಾನ್ ಮಾಡಿ ಅಂಟಿಸಿದ ಸಹಿ, ಫ್ಯಾಕ್ಸ್ ಪ್ರತಿ ಯಾವುದೂ ನಡೆಯದು. ಬೀದರ್‌ನ ಅಭ್ಯರ್ಥಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ‘ಪ್ರಿಂಟ್ ತಗೊಂಡು ಕೊಡು’ ಎನ್ನುವ ಅಧ್ಯಕ್ಷರು ಈಗಲೂ ಇದ್ದಾರೆ. ಅಧ್ಯಕ್ಷರು ಬೆಂಗಳೂರಿನಲ್ಲಿದ್ದು ಅಭ್ಯರ್ಥಿಗಳು ರಾಜ್ಯದ ತುಂಬ ಇದ್ದರೆ, ಅಧಿಸೂಚನೆಯ ವಾರದ ಮೊದಲೇ ಒಂದು ದಿನ ಕೂತು ಎಲ್ಲ ಫಾರಂಗಳನ್ನು ತುಂಬಿ, ನೀಲಿ ಶಾಯಿಯಲ್ಲಿ ಸಹಿ ಹಾಕಿ, ಪಕ್ಷದ ಮೊಹರು ಒತ್ತಿ, ಮೂರು ಪ್ರತಿ ಮಾಡಿ ಕಳಿಸಿ. ಖಾಲಿ ಬಿ ಫಾರಂಗೆ ಸಹಿ ಹಾಕಿ ಜಿಲ್ಲಾಧ್ಯಕ್ಷರ ಕೈಗೆ ಕೊಡುವುದು ಖಾಲಿ ಚೆಕ್ ಕೊಟ್ಟ ಹಾಗೆ. ಯಾರ ಹೆಸರು ಬರೆಯುತ್ತಾರೋ ಸಂಜೆ ಟಿವಿಯಲ್ಲೇ ಗೊತ್ತಾಗುತ್ತದೆ.

ಅಭ್ಯರ್ಥಿಯನ್ನು ಬದಲಿಸಬೇಕಾದರೆ ಹೊಸ ಬಿ ಫಾರಂನಲ್ಲಿ ‘ಹಿಂದಿನದನ್ನು ರದ್ದು ಮಾಡಿದೆ’ ಎಂದು ಸ್ಪಷ್ಟವಾಗಿ ಬರೆಯಬೇಕು, ಅದೂ ಅದೇ ಗಡುವಿನೊಳಗೆ. ಬರೆಯದೆ ಇಬ್ಬರಿಗೆ ಕೊಟ್ಟಿದ್ದರೆ, ಮೊದಲು ನಾಮಪತ್ರ ಕೊಟ್ಟವರೇ ಪಕ್ಷದ ಅಭ್ಯರ್ಥಿ. ಇನ್ನೊಬ್ಬರು ಪಕ್ಷೇತರ. ಒಂದು ಸಮಾಧಾನವೆಂದರೆ, ಹತ್ತು ಸೂಚಕರಿದ್ದರೆ ಬಿ ಫಾರಂ ತಪ್ಪಿದರೂ ನಾಮಪತ್ರ ಉಳಿಯುತ್ತದೆ, ಪಕ್ಷದ ಹೆಸರು ಮತ್ತು ಚಿಹ್ನೆ ಮಾತ್ರ ಹೋಗುತ್ತದೆ.

ಚುನಾವಣಾಧಿಕಾರಿಯ ಮೇಜಿನ ಮುಂದೆ

ನಾಮಪತ್ರವನ್ನು ಅಭ್ಯರ್ಥಿ ಅಥವಾ ಸೂಚಕರೊಬ್ಬರು ಖುದ್ದಾಗಿ ಕೊಡಬೇಕು, ಅಂಚೆಯಲ್ಲಿ ಕಳಿಸುವಂತಿಲ್ಲ. ಹೋಗುವ ಚೀಲದಲ್ಲಿ ಇರಬೇಕಾದವು: ನಾಮಪತ್ರಗಳು, 26ನೇ ನಮೂನೆಯ ಅಫಿಡವಿಟ್ (ಆಸ್ತಿ, ಸಾಲ, ಕೇಸುಗಳ ಪ್ರಮಾಣಪತ್ರ), ಎ ಮತ್ತು ಬಿ ಫಾರಂ, ಠೇವಣಿ 10,000 ರೂಪಾಯಿ ನಗದು ಅಥವಾ ಖಜಾನೆ ಚಲನ್ (ಪರಿಶಿಷ್ಟ ಜಾತಿ, ಪಂಗಡದವರಿಗೆ ಸಾಮಾನ್ಯ ಕ್ಷೇತ್ರದಲ್ಲೂ 5,000, ಚೆಕ್ ತೆಗೆದುಕೊಳ್ಳುವುದಿಲ್ಲ), ಬೇರೆ ಕ್ಷೇತ್ರದ ಮತದಾರರಾದರೆ ಮತದಾರರ ಪಟ್ಟಿಯ ದೃಢೀಕೃತ ಪ್ರತಿ, ಮೀಸಲು ಕ್ಷೇತ್ರವಾದರೆ ಜಾತಿ ಪ್ರಮಾಣಪತ್ರ, ಮೂರು ತಿಂಗಳೊಳಗೆ ತೆಗೆಸಿದ, 2 ಸೆಂ.ಮೀ. ಅಗಲ 2.5 ಸೆಂ.ಮೀ. ಎತ್ತರದ, ಬಿಳಿ ಹಿನ್ನೆಲೆಯ ಭಾವಚಿತ್ರಗಳು. ಚುನಾವಣಾ ಖರ್ಚಿಗೆಂದೇ ಹಿಂದಿನ ದಿನದೊಳಗೆ ತೆರೆದ ಬ್ಯಾಂಕ್ ಖಾತೆಯ ವಿವರ. ಒಳಗೆ ಅಭ್ಯರ್ಥಿ ಸೇರಿ ಐದು ಜನ, 100 ಮೀಟರ್ ವ್ಯಾಪ್ತಿಯಲ್ಲಿ ಮೂರು ವಾಹನ.

ಅಫಿಡವಿಟ್‌ನಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬಾರದು, ಅಡ್ಡಗೆರೆ ಎಳೆಯಬಾರದು. ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂದು ಬರೆಯಿರಿ. ಖಾಲಿ ಕಾಲಂ ಇದ್ದರೆ ಚುನಾವಣಾಧಿಕಾರಿ ನೋಟಿಸ್ ಕೊಡುತ್ತಾರೆ, ಆಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಪ್ರತಿ ಪುಟದಲ್ಲೂ ಅಭ್ಯರ್ಥಿಯ ಸಹಿ, ನೋಟರಿಯ ಮೊಹರು ಇರಲಿ. ಹತ್ತು ವರ್ಷದೊಳಗೆ ಸರ್ಕಾರಿ ವಸತಿಯಲ್ಲಿ ಇದ್ದವರು ಬಾಡಿಗೆ, ವಿದ್ಯುತ್, ನೀರು, ದೂರವಾಣಿ ಬಾಕಿ ಇಲ್ಲವೆಂಬ ಪತ್ರ ತರಬೇಕು. ನಿವೃತ್ತ ನೌಕರರನ್ನು ನಿಲ್ಲಿಸುವ ಪಕ್ಷಗಳು ಇದನ್ನು ಕೊನೆಯ ಗಳಿಗೆಯಲ್ಲಿ ನೆನಪಿಸಿಕೊಂಡು ಒದ್ದಾಡುತ್ತವೆ.

ನಾಮಪತ್ರ ಕೊಟ್ಟ ತಕ್ಷಣ ಅಲ್ಲೇ ಪ್ರಮಾಣ ವಚನ ಸ್ವೀಕರಿಸಿ, ಅದರ ಪತ್ರ ಪಡೆದೇ ಹೊರಗೆ ಬನ್ನಿ. ಪರಿಶೀಲನೆಯ ದಿನ ಬೆಳಿಗ್ಗೆ ಮಾಡಿದರಾಯಿತು ಎಂದರೆ ಆಗದು. ಹಿಂದಿನ ದಿನವೇ ಆಗಿರಬೇಕು. ಅಧಿಕಾರಿ ಕೊಡುವ ತಪಶೀಲು ಪಟ್ಟಿಯಲ್ಲಿ ಏನೇನು ಕೊಟ್ಟಿಲ್ಲ ಎಂದು ಬರೆದಿರುತ್ತಾರೆ. ಅದಕ್ಕಾಗಿಯೇ ಮೊದಲ ಅಥವಾ ಎರಡನೇ ದಿನ ಹೋಗಿ ಎನ್ನುವುದು. ಕೊನೆಯ ದಿನ 2.50ಕ್ಕೆ ಹೋದವರಿಗೆ ಆ ಪಟ್ಟಿಯಿಂದ ಪ್ರಯೋಜನವಿಲ್ಲ.

ಪರಿಶೀಲನೆ, ಹಿಂತೆಗೆತ

ಪರಿಶೀಲನೆಗೆ ಅಭ್ಯರ್ಥಿ, ಚುನಾವಣಾ ಏಜೆಂಟ್, ಒಬ್ಬ ಸೂಚಕ, ಲಿಖಿತ ಅಧಿಕಾರ ಪಡೆದ ಇನ್ನೊಬ್ಬರು ಹೋಗಬಹುದು. ಆ ಇನ್ನೊಬ್ಬರು ವಕೀಲರಾಗಿರಲಿ. ಜನಪ್ರತಿನಿಧಿ ಕಾಯ್ದೆಯ ಕಲಂ 36 ಗಣನೀಯವಲ್ಲದ ದೋಷಕ್ಕೆ ತಿರಸ್ಕರಿಸಬಾರದು ಎನ್ನುತ್ತದೆ: ಹೆಸರಿನ ಕಾಗುಣಿತ, ವಯಸ್ಸಿನಲ್ಲಿ ಒಂದು ವರ್ಷದ ಹೆಚ್ಚುಕಡಿಮೆ ಇಂಥವಕ್ಕೆ. ಸೂಚಕರು ಒಂಬತ್ತೇ ಇದ್ದರೆ ಮಾತ್ರ ಯಾವ ವಾದವೂ ನಡೆಯದು. ಆಕ್ಷೇಪ ಬಂದರೆ ಉತ್ತರಿಸಲು ಸಮಯ ಕೇಳುವ ಹಕ್ಕಿದೆ, ಮರುದಿನದ ಮರುದಿನದವರೆಗೆ ಕೊಡಬಹುದು. ಕೇಳುವುದನ್ನೇ ಬಹಳ ಜನ ಮರೆಯುತ್ತಾರೆ.

ಮುಂದಿನ ಮೂರು ದಿನ ಸಣ್ಣ ಪಕ್ಷದ ಅಭ್ಯರ್ಥಿಗೆ ಅಗ್ನಿಪರೀಕ್ಷೆ. ‘ಹಿಂದೆ ಸರಿ, ಖರ್ಚು ನಾವು ನೋಡಿಕೊಳ್ಳುತ್ತೇವೆ’ ಎಂಬ ಕರೆ ಬರುವುದು ಆಗಲೇ. ಹಿಂತೆಗೆತದ ಪತ್ರ ಒಮ್ಮೆ ಕೊಟ್ಟರೆ ವಾಪಸ್ ಪಡೆಯುವಂತಿಲ್ಲ. ಪಕ್ಷದ ಕೈಯಲ್ಲಿ ಇದಕ್ಕೆ ಮದ್ದೆಂದರೆ ಬಿ ಫಾರಂನ ಬದಲಿ ಅಭ್ಯರ್ಥಿ. ಅವರಿಗೂ ಹತ್ತು ಸೂಚಕರು, ಅಫಿಡವಿಟ್, ಠೇವಣಿ ಎಲ್ಲ ಬೇಕು. 10,000 ರೂಪಾಯಿ ಹೆಚ್ಚು ಖರ್ಚಾದರೂ ಗೆಲುವಿನ ಆಸೆಯಿರುವ ಕ್ಷೇತ್ರದಲ್ಲಿ ಇದನ್ನು ಮಾಡಿ. ಮುಖ್ಯ ಅಭ್ಯರ್ಥಿ ಗಟ್ಟಿಯಾಗಿ ನಿಂತರೆ ಬದಲಿಯವರು ಹಿಂತೆಗೆತದ ದಿನ 3 ಗಂಟೆಯೊಳಗೆ ತಪ್ಪದೆ ವಾಪಸ್ ಪಡೆಯಬೇಕು, ಇಲ್ಲವಾದರೆ ಪಕ್ಷೇತರರಾಗಿ ನಿಮ್ಮ ಓಟನ್ನೇ ತಿನ್ನುತ್ತಾರೆ.

ಗ್ರಾಮ ಪಂಚಾಯಿತಿ ಚುನಾವಣೆಗೆ ಇದ್ಯಾವುದೂ ಅನ್ವಯಿಸದು. ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ಬಿ ಫಾರಂ ಕೂಡ ಇಲ್ಲ. ಹೊಸ ಅಭ್ಯರ್ಥಿಗಳನ್ನು ಪಳಗಿಸಲು ಅದು ಒಳ್ಳೆಯ ಅಖಾಡ, ಅಷ್ಟೆ.

ಠೇವಣಿ ಉಳಿಯಬೇಕಾದರೆ ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರಬೇಕು. ಬರಲಿ ಬಿಡಲಿ, ಫಲಿತಾಂಶದ ದಿನದಿಂದ 30 ದಿನದೊಳಗೆ ಪ್ರತಿಯೊಬ್ಬ ಅಭ್ಯರ್ಥಿಯೂ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಸೋತ ಬೇಸರದಲ್ಲಿ ಬಿಲ್ಲಿನ ಕಟ್ಟನ್ನು ಅಟ್ಟಕ್ಕೆ ಎಸೆದವರ ಹೆಸರೇ ಮುಂದಿನ ಸಲ ಆಯೋಗದ ಅನರ್ಹರ ಪಟ್ಟಿಯಲ್ಲಿ ಸಿಗುವುದು. 31ನೇ ದಿನ ಪಕ್ಷದ ಕಚೇರಿಯಿಂದ ಎಲ್ಲರಿಗೂ ಫೋನು ಮಾಡಿ ಸ್ವೀಕೃತಿ ಪತ್ರದ ಪ್ರತಿ ಕೇಳಿದರೆ ತಡ. 20ನೇ ದಿನ ಕೇಳಿ.